ಟೆಕ್ಸಸ್ 33ನೇ ಕ್ಷೇತ್ರ: ಇಬ್ಬರೂ ಕನ್ಸರ್ವೇಟಿವ್, ಹಾಗಾದರೆ ಜಗಳ ಯಾವುದಕ್ಕೆ?

ರಾಕ್‌ವಾಲ್_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ, ಹತ್ತಿರ ಬಂದಾಗಲೆಲ್ಲ ಈ ಗುಂಪಿನಲ್ಲಿ ಒಂದೇ ಪ್ರಶ್ನೆ ಏಳುತ್ತದೆ. "ಸ್ಟೇಟ್ ಹೌಸ್‌ಗೆ, ಅಂದರೆ ರಾಜ್ಯದ ವಿಧಾನಸಭೆಗೆ, ನಿಂತಿರುವ ಈ ರಿಪಬ್ಲಿಕನ್ ಹೇಗೆ? ವೆಬ್‌ಸೈಟ್ ನೋಡಿದರೆ ಎಲ್ಲರೂ ಒಂದೇ ಬರೆದಿದ್ದಾರೆ." ಮಾತು ನಿಜ. ಗಡಿ ಭದ್ರತೆ, ಆಸ್ತಿ ತೆರಿಗೆ ಇಳಿಕೆ, ಬಂದೂಕಿನ ಹಕ್ಕು, ಗರ್ಭಪಾತಕ್ಕೆ ವಿರೋಧ, ಪೋಷಕರ ಹಕ್ಕು. ಹೆಸರು ಮುಚ್ಚಿ ಓದಿದರೆ ಯಾವುದು ಯಾರದ್ದು ಅಂತ ಹೇಳುವುದು ಕಷ್ಟ.

ಅದಕ್ಕೇ 2024ರಲ್ಲಿ 33ನೇ ಕ್ಷೇತ್ರದಲ್ಲಿ ನಡೆದದ್ದನ್ನು ಬಿಡಿಸಿ ಬರೆಯುತ್ತಿದ್ದೇನೆ. ಇಡೀ ರಾಕ್‌ವಾಲ್ ಕೌಂಟಿ ಮತ್ತು ಕಾಲಿನ್ ಕೌಂಟಿಯ ಒಂದು ತುಂಡು ಸೇರಿ ಈ ಕ್ಷೇತ್ರ. ಜಸ್ಟಿನ್ ಹಾಲೆಂಡ್ 2017ರಿಂದ ಇಲ್ಲಿಯ ಶಾಸಕರಾಗಿದ್ದರು. ರಿಪಬ್ಲಿಕನ್, ರಿಯಲ್ ಎಸ್ಟೇಟ್ ವ್ಯವಹಾರದವರು. ಅವರ ಎದುರು ಅದೇ ಪಕ್ಷದಿಂದ ನಿಂತವರು ಕಟ್ರೀನಾ ಪಿಯರ್ಸನ್, 2016ರಲ್ಲಿ ಟ್ರಂಪ್ ಪ್ರಚಾರದ ವಕ್ತಾರರಾಗಿದ್ದವರು. ಮಾರ್ಚ್ 5ರ ಪ್ರೈಮರಿಯಲ್ಲಿ ಯಾರಿಗೂ ಅರ್ಧದಷ್ಟು ಮತ ಬರಲಿಲ್ಲ. ಮೇ 28ರಂದು ಮೊದಲಿಬ್ಬರ ನಡುವೆ ಮತ್ತೊಂದು ಸುತ್ತು, ಅಂದರೆ ರನ್‌ಆಫ್, ನಡೆಯಿತು, ಹಾಲೆಂಡ್ ಸೋತರು. ನವೆಂಬರ್‌ನಲ್ಲಿ ಪಿಯರ್ಸನ್ ಸುಲಭವಾಗಿ ಗೆದ್ದರು.

ಹಾಲೆಂಡ್ ಸೋತದ್ದು ಯಾಕೆ? ಶಾಸಕರಾಗಿ ಅವರು ಹಾಕಿದ ಮೂರು ವೋಟಿನ ಕಾರಣಕ್ಕೆ ಅಂತ ಹೇಳಬಹುದು. ಮೂರೂ 2023ರವು.

ಮೊದಲನೆಯದು ಬಂದೂಕು. ಯುವಾಲ್ಡಿ ಶಾಲೆಯಲ್ಲಿ 2022ರ ಮೇ ತಿಂಗಳಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ತರು. ಕೊಂದವನಿಗೆ 18 ವರ್ಷ, ರೈಫಲ್ ಕಾನೂನು ಪ್ರಕಾರವೇ ಕೊಂಡಿದ್ದ. ಅಂಥ ರೈಫಲ್ ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸುವ ಮಸೂದೆ 2023ರಲ್ಲಿ ಬಂತು, ಎಚ್‌ಬಿ 2744. ಸಮಿತಿಯಲ್ಲಿ ಅದಕ್ಕೆ ಹೂಂ ಅಂದ ಇಬ್ಬರು ರಿಪಬ್ಲಿಕನ್ನರಲ್ಲಿ ಹಾಲೆಂಡ್ ಒಬ್ಬರು. 8-5ರಲ್ಲಿ ಸಮಿತಿ ದಾಟಿತು. ಸದನದ ಮುಂದೆ ಬರುವಷ್ಟರಲ್ಲಿ ಗಡುವು ಮುಗಿದು ಬಿದ್ದುಹೋಯಿತು.

ಎರಡನೆಯದು ರಾಜ್ಯದ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್ಟನ್ ಮೇಲಿನ ಮಹಾಭಿಯೋಗ. ಮೇ 27ರಂದು ಹೌಸ್ 121-23ರಲ್ಲಿ ಅದನ್ನು ಅಂಗೀಕರಿಸಿತು, ಹಾಲೆಂಡ್ ಪರವಾಗಿದ್ದರು. ಸೆಪ್ಟೆಂಬರ್‌ನಲ್ಲಿ ಸೆನೆಟ್ ಪ್ಯಾಕ್ಸ್ಟನ್‌ರನ್ನು ಖುಲಾಸೆ ಮಾಡಿತು. ಆಮೇಲೆ ತಮ್ಮ ವಿರುದ್ಧ ವೋಟು ಹಾಕಿದವರ ಊರೂರಿಗೆ ಹೋಗಿ ಅವರು ಪ್ರಚಾರ ಮಾಡಿದರು.

ಮೂರನೆಯದೇ ದೊಡ್ಡದು: ಸ್ಕೂಲ್ ವೋಚರ್. ಖಾಸಗಿ ಶಾಲೆಯ ಫೀಸಿಗೆ ಸರ್ಕಾರದ ದುಡ್ಡು ಕೊಡಬೇಕು ಅಂತ ಗವರ್ನರ್ ಅಬಾಟ್ ಹಠ ಹಿಡಿದಿದ್ದರು. 2023ರ ನವೆಂಬರ್ 17ರಂದು ಹೌಸ್ ಆ ಭಾಗವನ್ನು ಮಸೂದೆಯಿಂದ ಕಿತ್ತುಹಾಕಿತು, 84-63. ಡೆಮಾಕ್ರಾಟರ ಜೊತೆ ಸೇರಿದ ರಿಪಬ್ಲಿಕನ್ನರು 21. ಹಾಲೆಂಡ್ ಅವರಲ್ಲಿ ಒಬ್ಬರು.

ಮುಂದಿನದನ್ನು ಗಮನಿಸಿ. 2024ರ ಪ್ರೈಮರಿಗಳಲ್ಲಿ ಆ 21ರಲ್ಲಿ ಹಲವರು ಸೋತರು, ಕೆಲವರು ಮತ್ತೆ ನಿಲ್ಲಲೇ ಇಲ್ಲ. 2025ರ ಏಪ್ರಿಲ್‌ನಲ್ಲಿ ವೋಚರ್ ಮಸೂದೆ, ಅಂದರೆ ಎಸ್‌ಬಿ 2, ಹೌಸ್‌ಗೆ ಬಂದಾಗ ವಿರೋಧಿಸಿದ ರಿಪಬ್ಲಿಕನ್ನರು ಇಬ್ಬರೇ: ಡೇಡ್ ಫೀಲನ್ ಮತ್ತು ಗ್ಯಾರಿ ವ್ಯಾನ್‌ಡೀವರ್. ಮೇ 3ರಂದು ಅಬಾಟ್ ಸಹಿ ಹಾಕಿದರು. ಮೂರು ಕೋಟಿ ಜನರಿರುವ ರಾಜ್ಯದ ಶಿಕ್ಷಣ ನೀತಿ ಬದಲಾದದ್ದು ನವೆಂಬರ್‌ನ ಚುನಾವಣೆಯಲ್ಲಿ ಅಲ್ಲ. ನಮ್ಮವರಲ್ಲಿ ಹೆಚ್ಚಿನವರು ಓಟು ಹಾಕಲು ಹೋಗದ ಮಾರ್ಚ್ ಮತ್ತು ಮೇ ತಿಂಗಳಲ್ಲಿ.

ಹಾಗಾಗಿ ಕ್ಯಾಂಡಿಡೇಟ್ ನಿಲುವು ತಿಳಿಯಬೇಕಾದರೆ ವೆಬ್‌ಸೈಟಿಗಿಂತ ಅವರು ಹಾಕಿದ ವೋಟು ನೋಡಿ. ಹೊಸಬರಾದರೆ ಆ ಹಳೆಯ ವೋಟಿನ ಬಗ್ಗೆ ಏನನ್ನುತ್ತಾರೆ ಅಂತ ಕೇಳಿ. ನಿಮ್ಮ ನಿಮ್ಮ ಕ್ಷೇತ್ರದಲ್ಲಿ ಏನು ಕೇಳಿದ್ದೀರಿ, ಏನು ಉತ್ತರ ಬಂತು ಅಂತ ಬರೆಯಿರಿ. ಯಾವ ಪಕ್ಷದವರಾದರೂ ಪರವಾಗಿಲ್ಲ.

ಜಯನಗರ_4ನೇ_ಬ್ಲಾಕ್

ನಾನು ಬೆಂಗಳೂರಿನಲ್ಲೇ ಇರುವವನು, ತಂಗಿ ಅಲ್ಲಿ ಇದ್ದಾಳೆ ಅಂತ ಈ ಗುಂಪು ಓದುತ್ತೇನೆ. ಒಂದು ಅರ್ಥವಾಗಲಿಲ್ಲ ಸರ್. ಹಾಲಿ ಎಂಎಲ್ಎ ಎದುರು ಅದೇ ಪಕ್ಷದವರು ಹೇಗೆ ನಿಲ್ಲುತ್ತಾರೆ? ಪಕ್ಷ ಬಿ ಫಾರಂ ಕೊಡುವುದು ಒಬ್ಬರಿಗೇ ಅಲ್ವಾ?

ರಾಕ್‌ವಾಲ್_ಕನ್ನಡಿಗ

ಇಲ್ಲಿ ಬಿ ಫಾರಂ ಅನ್ನೋದೇ ಇಲ್ಲ ಸರ್. ಪಕ್ಷದ ಅಭ್ಯರ್ಥಿ ಯಾರು ಅಂತ ಹೈಕಮಾಂಡ್ ತೀರ್ಮಾನ ಮಾಡುವುದಿಲ್ಲ, ಮತದಾರರೇ ಪ್ರೈಮರಿಯಲ್ಲಿ ಆರಿಸುತ್ತಾರೆ. ಹಾಲಿ ಶಾಸಕ ಇರಲಿ, ಸ್ಪೀಕರ್ ಇರಲಿ, ಎದುರು ನಿಲ್ಲಬಹುದು. 2024ರಲ್ಲಿ ಸ್ಪೀಕರ್ ಡೇಡ್ ಫೀಲನ್‌ಗೇ ರನ್‌ಆಫ್ ಬಂತು, ಕೂದಲೆಳೆಯಲ್ಲಿ ಉಳಿದರು.

ಇನ್ನೊಂದು ವ್ಯತ್ಯಾಸವೂ ಇದೆ. ನಮ್ಮಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾನೂನು ಇದೆ, ವಿಪ್ ಮೀರಿದರೆ ಶಾಸಕತ್ವವೇ ಹೋಗಬಹುದು. ಹಾಗಾಗಿ ಒಬ್ಬ ಎಂಎಲ್ಎ ಸದನದಲ್ಲಿ ಹೇಗೆ ವೋಟು ಹಾಕಿದ ಅಂತ ನಾವು ಕೇಳುವುದೇ ಕಡಿಮೆ. ಪಕ್ಷ ಎಲ್ಲಿ ಹೇಳಿತೋ ಅಲ್ಲಿ ಕೈ ಎತ್ತಿರುತ್ತಾನೆ. ಇಲ್ಲಿ ಪಕ್ಷದ ವಿರುದ್ಧ ವೋಟು ಹಾಕಿದರೆ ಸ್ಥಾನ ಹೋಗುವುದಿಲ್ಲ. ಶಿಕ್ಷೆ ಕೊಡಬೇಕಾದರೆ ಮುಂದಿನ ಪ್ರೈಮರಿಯಲ್ಲೇ ಕೊಡಬೇಕು. ಅವಧಿಯೂ ಎರಡೇ ವರ್ಷ. ಅದಕ್ಕೇ ಇಲ್ಲಿ ಒಬ್ಬೊಬ್ಬರ ನಿಲುವಿಗೂ ಇಷ್ಟು ಬೆಲೆ.

ಜಯನಗರ_4ನೇ_ಬ್ಲಾಕ್

ಈಗ ಅರ್ಥವಾಯಿತು. ನಮ್ಮ ಕಡೆ ಟಿಕೆಟ್‌ಗಾಗಿ ದೆಹಲಿಗೆ ಓಡುತ್ತಾರೆ, ಅಲ್ಲಿ ಮನೆಮನೆಗೆ ಓಡಬೇಕು ಅಂತಾಯಿತು. ಧನ್ಯವಾದ.

ಟೀಚರ್_ಅಕ್ಕ

ನಾನು ಪಬ್ಲಿಕ್ ಸ್ಕೂಲಿನಲ್ಲಿ, ಅಂದರೆ ಸರ್ಕಾರಿ ಶಾಲೆಯಲ್ಲಿ, ಕೆಲಸ ಮಾಡುವವಳು. ವೋಚರ್ ಬಗ್ಗೆ ನಾಲ್ಕು ಮಾತು ಹೇಳಲೇಬೇಕು.

ರಾಜ್ಯ ಪ್ರತಿ ಮಗುವಿನ ಲೆಕ್ಕಕ್ಕೆ ಶಾಲೆಗೆ ಕೊಡುವ ಮೂಲ ಮೊತ್ತಕ್ಕೆ ಬೇಸಿಕ್ ಅಲಾಟ್‌ಮೆಂಟ್ ಅನ್ನುತ್ತಾರೆ. 2019ರಿಂದ ಅದು 6,160 ಡಾಲರಿನಲ್ಲೇ ನಿಂತಿತ್ತು. ಕೋವಿಡ್ ಬಂತು, ಬೆಲೆ ಎಲ್ಲ ಏರಿತು, ಇನ್ಶೂರೆನ್ಸ್ ಏರಿತು, ಬಸ್ ಡ್ರೈವರ್ ಸಂಬಳ ಏರಿತು. ಈ ಮೊತ್ತ ಮಾತ್ರ ಏರಲಿಲ್ಲ. 2023ರಲ್ಲಿ ಏರಿಸಲು ಹೊರಟಾಗ ಅದನ್ನು ವೋಚರ್ ಜೊತೆ ಗಂಟುಹಾಕಿದರು. ವೋಚರ್ ಬಿತ್ತು, ಶಾಲೆಗಳ ದುಡ್ಡೂ ನಿಂತುಹೋಯಿತು. 2025ರಲ್ಲಿ ಎಚ್‌ಬಿ 2 ಅಂತ ಸುಮಾರು 8.5 ಬಿಲಿಯನ್ ಡಾಲರ್ ಕೊಟ್ಟರು. ದೊಡ್ಡ ಮೊತ್ತವೇ, ಟೀಚರ್ ಸಂಬಳಕ್ಕೂ ಅದರಲ್ಲಿ ಪಾಲು ಬಂತು. ಆದರೆ ಬೇಸಿಕ್ ಅಲಾಟ್‌ಮೆಂಟ್ ಏರಿದ್ದು 55 ಡಾಲರ್. ಆರು ವರ್ಷ ಕಾದದ್ದಕ್ಕೆ ಒಂದು ಮಗುವಿಗೆ 55 ಡಾಲರ್.

ನಮ್ಮ ಶಾಲೆಯಲ್ಲಿ ಇದರ ಅರ್ಥ ಏನು ಗೊತ್ತಾ? ವಿಶೇಷ ಮಕ್ಕಳ ಕ್ಲಾಸಿನಲ್ಲಿ ಟೀಚರ್ ಜೊತೆ ಸಹಾಯಕಿಯರು ಇರಬೇಕು. ಒಬ್ಬರು ಕೆಲಸ ಬಿಟ್ಟರೆ ಆ ಜಾಗ ತುಂಬುವುದೇ ಇಲ್ಲ. ಒಂದು ಮಗುವಿಗೆ ಊಟ ಮಾಡಿಸುತ್ತಿರುವಾಗ ಇನ್ನೊಂದು ಮಗು ಬಾಗಿಲು ತೆಗೆದು ಓಡಿಹೋದರೆ ಯಾರು ಹಿಡಿಯಬೇಕು? ತಟ್ಟೆ ಅಲ್ಲೇ ಬಿಟ್ಟು ನಾವೇ ಓಡುತ್ತೇವೆ. ಇದು ವಾರದಲ್ಲಿ ಎಷ್ಟೋ ಸಲ ನಡೆಯುತ್ತದೆ.

ಹಾಲೆಂಡ್ ಥರದವರು ವಿರೋಧಿಸಿದ್ದು ಎಡಪಂಥ ಅಂತಲ್ಲ. ತಮ್ಮೂರಿನ ಶಾಲೆ ಉಳಿಯಲಿ ಅಂತ. ಹಳ್ಳಿ ಕಡೆ ಎಷ್ಟೋ ಊರಿನಲ್ಲಿ ಖಾಸಗಿ ಶಾಲೆಯೇ ಇಲ್ಲ, ಊರಿನ ದೊಡ್ಡ ಉದ್ಯೋಗದಾತನೇ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಅಲ್ಲಿಯ ಪಬ್ಲಿಕ್ ಸ್ಕೂಲುಗಳನ್ನು ನಡೆಸುವ ಸಂಸ್ಥೆ. ಶುಕ್ರವಾರ ರಾತ್ರಿ ಫುಟ್‌ಬಾಲ್ ಮ್ಯಾಚಿಗೆ ಇಡೀ ಊರು ಸೇರುತ್ತದೆ. ಅದನ್ನು ಕಾಪಾಡುವುದೂ ಕನ್ಸರ್ವೇಟಿವ್ ನಿಲುವೇ ತಾನೇ?

ವೈಲಿ_ಅಮ್ಮ

ಟೀಚರ್ ಅಕ್ಕ, ನಿಮ್ಮ ಮೇಲೆ ತುಂಬಾ ಗೌರವ ಇದೆ. ಆದರೆ ನಾನು ವೋಚರ್ ಪರ, ಯಾಕೆ ಅಂತ ಹೇಳುತ್ತೇನೆ.

ನನ್ನ ಮಗನಿಗೆ ಆಟಿಸಂ ಇದೆ. ನಾವು ಮೊದಲು ಇದ್ದ ಊರಿನ ಶಾಲೆಯಲ್ಲಿ ಅವನನ್ನು ಪರೀಕ್ಷಿಸಿ ಅಂತ ಬರೆದು ಕೊಟ್ಟೆ, ಮೇಲ್ ಹಾಕಿದೆ, ಮೀಟಿಂಗ್‌ಗೆ ಹೋಗಿ ಕೂತೆ. "ಇನ್ನೂ ಸ್ವಲ್ಪ ದಿನ ನೋಡೋಣ" ಅನ್ನುವುದು ಬಿಟ್ಟರೆ ಬೇರೆ ಉತ್ತರ ಬರಲಿಲ್ಲ. ಮಗುವಿನ ಮಾತು ಬರಬೇಕಾದ ವಯಸ್ಸು ಹಾಗೇ ಕಳೆಯಿತು. ಸ್ಪೀಚ್ ಥೆರಪಿಗೆ ಕೈಯಿಂದ ದುಡ್ಡು ಹಾಕಿದೆವು. ದುಡ್ಡಿದ್ದವರು ಹೇಗೋ ಮಾಡುತ್ತಾರೆ, ಇಲ್ಲದವರು ಎಲ್ಲಿಗೆ ಹೋಗಬೇಕು?

ಎಸ್‌ಬಿ 2ರಲ್ಲಿ ಸಾಮಾನ್ಯ ಮಗುವಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ಆಸುಪಾಸು, ವಿಶೇಷ ಮಕ್ಕಳಿಗೆ 30,000ದವರೆಗೆ, ಮನೆಯಲ್ಲೇ ಓದಿಸುವವರಿಗೆ 2,000. 2026-27ರ ಶಾಲಾ ವರ್ಷದಿಂದ ಶುರು. ನನ್ನಂಥ ತಾಯಿಗೆ ಅದು ಬೇರೆ ಬಾಗಿಲು. ಕನ್ಸರ್ವೇಟಿವ್ ಕ್ಯಾಂಡಿಡೇಟ್ "ಪೋಷಕರ ಹಕ್ಕು" ಅಂದಾಗ ಬೇರೆಯವರಿಗೆ ಅದು ಘೋಷಣೆ ಇರಬಹುದು. ನನಗೆ ಹಾಗಲ್ಲ.

ಟೀಚರ್_ಅಕ್ಕ

ನಿಮಗೆ ಆದದ್ದು ಆಗಬಾರದಿತ್ತು. ಬರೆದು ಕೊಟ್ಟ ಮೇಲೆ ಶಾಲೆ ಕೆಲಸದ ದಿನಗಳ ಗಡುವಿನೊಳಗೆ ಉತ್ತರ ಕೊಡಲೇಬೇಕು, ಅದು ಕಾನೂನು. ಅದನ್ನು ಪಾಲಿಸದ ಶಾಲೆ ತಪ್ಪಿತಸ್ಥ, ಎರಡು ಮಾತಿಲ್ಲ.

ಆದರೆ ಎರಡು ವಿಷಯ ಗಮನದಲ್ಲಿ ಇಟ್ಟುಕೊಳ್ಳಿ. ಆ ಜಾಸ್ತಿ ಮೊತ್ತ ಸಿಗಬೇಕಾದರೆ ಪಬ್ಲಿಕ್ ಸ್ಕೂಲು ಮಾಡಿಕೊಟ್ಟ ಐಇಪಿ, ಅಂದರೆ ಆ ಮಗುವಿಗೆಂದೇ ಬರೆದ ಕಲಿಕೆಯ ಯೋಜನೆ, ಬೇಕು. ಅಂದರೆ ಮತ್ತೆ ನಮ್ಮ ಬಾಗಿಲಿಗೇ ಬರಬೇಕು. ಇನ್ನೊಂದು, ಖಾಸಗಿ ಶಾಲೆ ನಿಮ್ಮ ಮಗುವನ್ನು ಸೇರಿಸಿಕೊಳ್ಳಲೇಬೇಕು ಅಂತ ಇಲ್ಲ. ಸೇರಿಸಿಕೊಂಡರೂ ಕೇಂದ್ರದ ವಿಶೇಷ ಶಿಕ್ಷಣ ಕಾನೂನು ಪಬ್ಲಿಕ್ ಸ್ಕೂಲಿನಲ್ಲಿ ಕೊಡುವ ಹಕ್ಕುಗಳು ಅಲ್ಲಿ ಅದೇ ರೀತಿ ಸಿಗುವುದಿಲ್ಲ. "ನಮ್ಮಿಂದ ಆಗಲ್ಲ" ಅಂತ ಅವರು ವಾಪಸ್ ಕಳಿಸಬಹುದು. ನಾವು ಕಳಿಸುವ ಹಾಗಿಲ್ಲ. ಕ್ಯಾಂಡಿಡೇಟ್ ಸಿಕ್ಕರೆ ಇದನ್ನು ಕೇಳಿ: "ದುಡ್ಡು ತೆಗೆದುಕೊಂಡ ಶಾಲೆ ಮಗುವನ್ನು ಹೊರಗೆ ಹಾಕಿದರೆ ಏನು ಮಾಡುತ್ತೀರಿ?"

ಹಾಸನದ_ಹುಡುಗ

ಟೆಕ್ಕಿ ದಂಪತಿಗಳು ಒಂದು ವಿಷಯ ತಿಳಿದಿರಲಿ. ಆದಾಯ ಎಷ್ಟೇ ಇದ್ದರೂ ಅರ್ಜಿ ಹಾಕಬಹುದು, ಆದರೆ ಮೊದಲ ಎರಡು ವರ್ಷಕ್ಕೆ ಇಟ್ಟಿರುವುದು 1 ಬಿಲಿಯನ್ ಡಾಲರ್. ಅರ್ಜಿ ಜಾಸ್ತಿ ಬಂದರೆ ವಿಶೇಷ ಮಕ್ಕಳಿಗೆ, ಕಡಿಮೆ ಆದಾಯದವರಿಗೆ ಆದ್ಯತೆ. ಬಡತನ ರೇಖೆಯ ಐದು ಪಟ್ಟಿಗಿಂತ ಹೆಚ್ಚು ಆದಾಯ ಇರುವವರಿಗೆಲ್ಲ ಸೇರಿ ಒಟ್ಟು ಹಣದಲ್ಲಿ 20% ಮಿತಿ. ನಾಲ್ಕು ಜನರ ಮನೆಗೆ 2025ರ ಲೆಕ್ಕದಲ್ಲಿ ಅದು ಸುಮಾರು 1,60,000 ಡಾಲರ್. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್‌ನಲ್ಲಿದ್ದರೆ ನಮ್ಮಲ್ಲಿ ಬಹಳ ಜನ ಆ ಗೆರೆಯ ಮೇಲೇ ಇದ್ದಾರೆ. "ವೋಚರ್ ಬಂದರೆ ನಮ್ಮ ಮಕ್ಕಳನ್ನು ಪ್ರೈವೇಟ್‌ಗೆ ಹಾಕಬಹುದು" ಅಂತ ಅದೊಂದೇ ಕಾರಣಕ್ಕೆ ಓಟು ಹಾಕುವವರು ಈ ಲೆಕ್ಕ ನೋಡಿಕೊಳ್ಳಿ.

ನಿವೃತ್ತ_ಮೇಷ್ಟ್ರು

ಮಕ್ಕಳೇ, ನಾನು ಬಂದೂಕು, ವೋಚರ್ ಬಗ್ಗೆ ಮಾತಾಡುವುದಿಲ್ಲ. ನನ್ನ ಚಿಂತೆ ಪ್ರಾಪರ್ಟಿ ಟ್ಯಾಕ್ಸ್. ಪೆನ್ಷನ್ ಏರುವುದಿಲ್ಲ, ಮನೆ ಬೆಲೆ ಮಾತ್ರ ಏರುತ್ತಲೇ ಇರುತ್ತದೆ. ಮಾರುವ ಉದ್ದೇಶ ಇಲ್ಲದವನಿಗೆ ಮನೆ ಬೆಲೆ ಏರಿ ಏನು ಪ್ರಯೋಜನ? ಪ್ರತಿ ಕನ್ಸರ್ವೇಟಿವ್ ಅಭ್ಯರ್ಥಿಯೂ ತೆರಿಗೆ ಇಳಿಸುತ್ತೇನೆ ಅನ್ನುತ್ತಾರೆ. ಕೆಲವರು ಪೂರ್ತಿ ತೆಗೆದುಹಾಕುತ್ತೇನೆ ಅನ್ನುತ್ತಾರೆ. ಇದರಲ್ಲಿ ನಿಜ ಎಷ್ಟು? ಯಾರಾದರೂ ಬಿಡಿಸಿ ಹೇಳಿ.

ಲೆಕ್ಕದ_ಮನುಷ್ಯ

ಮೇಷ್ಟ್ರೇ, ನಮಸ್ಕಾರ. ನಾನು ಟ್ಯಾಕ್ಸ್ ಕೆಲಸವೇ ಮಾಡುವವನು, ಹೇಳುತ್ತೇನೆ.

ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಆಸ್ತಿ ತೆರಿಗೆ ಹಾಕುವುದು ಸ್ಕೂಲ್ ಡಿಸ್ಟ್ರಿಕ್ಟ್, ಕೌಂಟಿ, ಸಿಟಿ, ಕಾಲೇಜ್ ಡಿಸ್ಟ್ರಿಕ್ಟ್. ಬಿಲ್ಲಿನಲ್ಲಿ ಶಾಲೆಯ ಪಾಲೇ ದೊಡ್ಡದು. ಶಾಸಕರ ಕೈಯಲ್ಲಿ ಇರುವ ಒಂದು ಮುಖ್ಯ ಸಾಧನ ಹೋಮ್‌ಸ್ಟೆಡ್ ವಿನಾಯಿತಿ. ನಾವೇ ವಾಸಿಸುವ ಮನೆಯ ಬೆಲೆಯಲ್ಲಿ ಇಷ್ಟನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ಶಾಲಾ ತೆರಿಗೆ ಅನ್ನುವುದು.

ಐದು ಲಕ್ಷ ಡಾಲರಿನ ಮನೆ, ಶಾಲೆಯ ರೇಟು ನೂರಕ್ಕೆ ಒಂದು ಡಾಲರ್ ಅಂತ ಇಟ್ಟುಕೊಳ್ಳಿ. ವಿನಾಯಿತಿ 25,000 ಇದ್ದ ಕಾಲದಲ್ಲಿ ಶಾಲಾ ತೆರಿಗೆ 4,750. 2022ರಲ್ಲಿ ಅದು 40,000 ಆಯಿತು, ತೆರಿಗೆ 4,600. 2023ರ ನವೆಂಬರ್‌ನಲ್ಲಿ ಜನ ಒಪ್ಪಿ 1,00,000ಕ್ಕೆ ಏರಿತು, ತೆರಿಗೆ 4,000. 2025ರ ನವೆಂಬರ್‌ನಲ್ಲಿ 1,40,000, ತೆರಿಗೆ 3,600. ಇದು ಬರೀ ಮಾತಲ್ಲ, ಬಿಲ್ಲಿನಲ್ಲಿ ಕಾಣುವ ಇಳಿಕೆ. ಇದರ ಶ್ರೇಯಸ್ಸು ಅವರಿಗೆ ಕೊಡಲೇಬೇಕು.

ನಿಮ್ಮ ವಯಸ್ಸಿನವರಿಗೆ ಇನ್ನೂ ಅನುಕೂಲ. 65 ದಾಟಿದವರಿಗೆ ವಿನಾಯಿತಿ ಈಗ ಒಟ್ಟು 2,00,000. ಮೇಲಾಗಿ ಶಾಲಾ ತೆರಿಗೆಗೆ ಸೀಲಿಂಗ್ ಇದೆ, ಮನೆ ಬೆಲೆ ಏರಿದರೂ ಆ ಮೊತ್ತ ಏರುವುದಿಲ್ಲ. ಆದರೆ ಅರ್ಜಿ ಕೊಟ್ಟಿದ್ದೀರಾ ನೋಡಿ. ಮನೆ ಮಗನ ಹೆಸರಿನಲ್ಲಿ ಮಾತ್ರ ಇದ್ದರೆ ನಿಮ್ಮ ವಯಸ್ಸಿನ ವಿನಾಯಿತಿ ಸಿಗುವುದಿಲ್ಲ. ನಮ್ಮವರ ಮನೆಗಳಲ್ಲಿ ಇದು ಬಹಳ ಕಾಣುತ್ತೇನೆ.

ಇನ್ನು "ಪೂರ್ತಿ ತೆಗೆದುಹಾಕುತ್ತೇವೆ" ಅನ್ನುವ ಮಾತು. ಅಲ್ಲಿ ನಿಂತು ಕೇಳಬೇಕು: ಆ ದುಡ್ಡು ಎಲ್ಲಿಂದ ತರುತ್ತೀರಿ? ಈಗ ಇಳಿಸಿರುವುದೂ ಸುಮ್ನೆ ಮಾಯವಾದ ತೆರಿಗೆಯಲ್ಲ. ಶಾಲೆಗೆ ಕಡಿಮೆ ಬಿದ್ದದ್ದನ್ನು ರಾಜ್ಯ ತನ್ನ ಖಜಾನೆಯಿಂದ ತುಂಬುತ್ತಿದೆ. 2025ರ ಬಜೆಟ್‌ನಲ್ಲಿ ಹಳೆಯ ಮತ್ತು ಹೊಸ ತೆರಿಗೆ ಇಳಿಕೆಗಳಿಗೆ ಅಂತಲೇ ಎರಡು ವರ್ಷಕ್ಕೆ ಸುಮಾರು 51 ಬಿಲಿಯನ್ ಡಾಲರ್ ಇಟ್ಟಿದ್ದಾರೆ. ಆ ಖಜಾನೆಗೆ ಮುಖ್ಯ ಆದಾಯ ಸೇಲ್ಸ್ ಟ್ಯಾಕ್ಸ್. ಅದು ಈಗಾಗಲೇ ರಾಜ್ಯದ್ದು 6.25%, ಸ್ಥಳೀಯವೂ ಸೇರಿ ಬಹಳ ಕಡೆ 8.25%. ಆಸ್ತಿ ತೆರಿಗೆ ಪೂರ್ತಿ ಹೋದರೆ ಇದು ಎಷ್ಟಕ್ಕೆ ಏರಬೇಕು ಯೋಚಿಸಿ. ಬಾಡಿಗೆ ಮನೆಯವನು ಕೊಳ್ಳುವ ಬಟ್ಟೆಗೂ, ಟಿವಿಗೂ ಜಾಸ್ತಿ ಕೊಡಬೇಕಾಗುತ್ತದೆ. ಇಳಿಸುತ್ತೇನೆ ಅನ್ನುವವರನ್ನು ನಂಬಬಹುದು, ಇಳಿಸಿ ತೋರಿಸಿದ್ದಾರೆ. ತೆಗೆದೇ ಹಾಕುತ್ತೇನೆ ಅನ್ನುವವರು ಲೆಕ್ಕ ತೋರಿಸಲಿ.

ನಿವೃತ್ತ_ಮೇಷ್ಟ್ರು

ಮನೆ ಮಗನ ಹೆಸರಿನಲ್ಲೇ ಇದೆ ಅಪ್ಪಾ. ಈ ವಿಷಯ ಯಾರೂ ಹೇಳಿರಲಿಲ್ಲ. ಇವತ್ತೇ ಅವನ ಹತ್ತಿರ ಮಾತಾಡುತ್ತೇನೆ.

ಲೆಕ್ಕದ_ಮನುಷ್ಯ

ಆತುರದಲ್ಲಿ ಹೆಸರು ಬದಲಾಯಿಸಬೇಡಿ ಮೇಷ್ಟ್ರೇ. ಸಾಲ ಇದ್ದರೆ ಬ್ಯಾಂಕಿನವರನ್ನು ಕೇಳಬೇಕು, ವಕೀಲರ ಹತ್ತಿರ ಒಮ್ಮೆ ಮಾತಾಡಿ.

ಶರಾವತಿ_ತೀರ

ಬಂದೂಕಿನ ವಿಷಯಕ್ಕೆ ಬರುತ್ತೇನೆ. ಹಾಲೆಂಡ್ ಆ ವೋಟು ಹಾಕಿದ್ದು 2023ರ ಮೇ 8ರಂದು. ಎರಡು ದಿನ ಮುಂಚೆ, ಮೇ 6ರಂದು, ಆಲನ್ ಔಟ್‌ಲೆಟ್ ಮಾಲ್‌ನಲ್ಲಿ ಗುಂಡು ಹಾರಿತ್ತು. ಎಂಟು ಜನ ಸತ್ತರು. ಭಾರತದಿಂದ ಬಂದು ಇಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಯುವತಿಯೂ ಅದರಲ್ಲಿದ್ದರು. ನಾವೆಲ್ಲ ಹಬ್ಬಕ್ಕೆ ಬಟ್ಟೆ ತರಲು ಹೋಗುವ ಜಾಗ ಅದು. ಅವತ್ತು ಮಧ್ಯಾಹ್ನ ಈ ಗುಂಪಿನಲ್ಲಿ "ಯಾರಾದರೂ ಅಲ್ಲಿದ್ದೀರಾ, ಉತ್ತರ ಕೊಡಿ" ಅಂತ ಒಂದರ ಹಿಂದೆ ಒಂದು ಮೆಸೇಜ್ ಬಂದದ್ದು ನನಗೆ ಇನ್ನೂ ನೆನಪಿದೆ.

ಆ ಮಸೂದೆ ಬಂದೂಕು ಕಿತ್ತುಕೊಳ್ಳುವುದಾಗಿರಲಿಲ್ಲ. 18ರ ಬದಲು 21. ಇದೇ ಟೆಕ್ಸಸ್‌ನಲ್ಲಿ ಬಿಯರ್ ಕೊಳ್ಳಲು 21 ಆಗಬೇಕು. ಲೈಸೆನ್ಸ್ ಇಲ್ಲದೆ ಹ್ಯಾಂಡ್‌ಗನ್ ಇಟ್ಟುಕೊಂಡು ಓಡಾಡಬಹುದು ಅಂತ 2021ರಲ್ಲಿ ಮಾಡಿದ ಕಾನೂನಿನಲ್ಲೂ ವಯಸ್ಸು 21 ಅಂತಲೇ ಇತ್ತು. ಅಷ್ಟು ಸಣ್ಣ ಹೆಜ್ಜೆ ಇಟ್ಟದ್ದಕ್ಕೂ ಒಬ್ಬ ಶಾಸಕ ಬೆಲೆ ತೆರಬೇಕಾಯಿತು ಅಂದರೆ ನನಗೆ ಬೇಜಾರಾಗುತ್ತದೆ.

ಬಳ್ಳಾರಿ_ಟು_ಡಲ್ಲಾಸ್

ನಾನು ರಿಪಬ್ಲಿಕನ್, ಪ್ರೈಮರಿಯಲ್ಲಿ ತಪ್ಪದೆ ಓಟು ಹಾಕುತ್ತೇನೆ. ಶರಾವತಿಯವರೇ, ನಿಮ್ಮ ನೋವು ಅರ್ಥವಾಗುತ್ತದೆ. ನನ್ನ ಮಾತೂ ಕೇಳಿ.

18 ವರ್ಷಕ್ಕೆ ಸೈನ್ಯಕ್ಕೆ ಸೇರಬಹುದು, ಓಟು ಹಾಕಬಹುದು, ಮದುವೆಯಾಗಬಹುದು. ಸಂವಿಧಾನ ಕೊಟ್ಟ ಹಕ್ಕನ್ನು ಮೂರು ವರ್ಷ ತಡೆಹಿಡಿಯುವುದು ಸರಿಯಲ್ಲ ಅನ್ನುವವರು ಕ್ರೂರಿಗಳಲ್ಲ. ನನ್ನ ಪಕ್ಕದ ಮನೆಯ ಹುಡುಗ 18ಕ್ಕೇ ಹೊಲ ನೋಡಿಕೊಳ್ಳುತ್ತಾನೆ. ಕಾಡುಹಂದಿ ಕಾಟ ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ. ಅವನಿಗೆ ರೈಫಲ್ ಒಂದು ಕೆಲಸದ ಸಾಮಾನು.

ಹಾಲೆಂಡ್ ಸೋತದ್ದೂ ಅನ್ಯಾಯ ಅಂತ ನನಗೆ ಅನಿಸುವುದಿಲ್ಲ. ಒಂದು ವಿಷಯದಲ್ಲಿ ಮತದಾರರಿಗಿಂತ ಬೇರೆ ಯೋಚಿಸಿದರೆ ಸರಿ ಅನ್ನಬಹುದಿತ್ತು. ಬಂದೂಕು, ಮಹಾಭಿಯೋಗ, ವೋಚರ್ ಮೂರರಲ್ಲೂ ಪ್ರೈಮರಿ ಮತದಾರರ ವಿರುದ್ಧ ಹೋದರು. ನಮ್ಮ ಪ್ರತಿನಿಧಿ ನಮ್ಮ ಮಾತು ಕೇಳಬೇಕು, ಅಲ್ವಾ? ಪಿಯರ್ಸನ್ ತಮ್ಮ ನಿಲುವನ್ನು ಮುಚ್ಚಿಡಲಿಲ್ಲ. ಜನ ಆರಿಸಿದರು.

ರಾಕ್‌ವಾಲ್_ಕನ್ನಡಿಗ

ಬಳ್ಳಾರಿ ಅಣ್ಣ, ಜನ ಆರಿಸಿದರು ನಿಜ. ಆದರೆ ಯಾವ ಜನ? ಒಂದು ಹೌಸ್ ಕ್ಷೇತ್ರ ಅಂದರೆ ಸುಮಾರು 1,94,000 ಜನ. ಮೇ ತಿಂಗಳ ರನ್‌ಆಫ್‌ಗೆ ಬರುವವರು ಅದರಲ್ಲಿ ಒಂದು ಚೂರು. ಕ್ಷೇತ್ರ ಒಂದೇ ಪಕ್ಷಕ್ಕೆ ವಾಲಿದ್ದರೆ ನವೆಂಬರ್ ಬರುವ ಹೊತ್ತಿಗೆ ತೀರ್ಮಾನ ಆಗಿಯೇ ಹೋಗಿರುತ್ತದೆ. ನೀವು ಹೋಗಿ ಓಟು ಹಾಕಿದಿರಿ, ಅದು ಸರಿ. ನನ್ನ ಕಳಕಳಿ ಇರುವುದು ಮನೆಯಲ್ಲಿ ಕೂತವರ ಬಗ್ಗೆ. ವೋಚರ್ ಬೇಕು ಅನ್ನುವ ವೈಲಿ ಅಮ್ಮನಿಗೂ ಬೇಡ ಅನ್ನುವ ಟೀಚರ್ ಅಕ್ಕನಿಗೂ ಉತ್ತರ ಸಿಕ್ಕಿದ್ದು ಅಲ್ಲೇ.

ಬಳ್ಳಾರಿ_ಟು_ಡಲ್ಲಾಸ್

ಅದನ್ನು ಪೂರ್ತಿ ಒಪ್ಪುತ್ತೇನೆ. ನಮ್ಮವರು ಪ್ರೈಮರಿಗೆ ಬಂದರೆ ಎರಡೂ ಕಡೆಯವರು ನಮ್ಮ ಬಾಗಿಲು ತಟ್ಟುತ್ತಾರೆ.

ಕ್ಯೂನಲ್ಲಿ_ಇರುವವನು

ನನಗೆ ಓಟೇ ಇಲ್ಲ, ಎಚ್-1ಬಿ. ಗ್ರೀನ್ ಕಾರ್ಡ್ ಕ್ಯೂ ಯಾವಾಗ ಮುಗಿಯುತ್ತದೋ ಗೊತ್ತಿಲ್ಲ. ಮನೆ ಕೊಂಡಿದ್ದೇವೆ, ತೆರಿಗೆ ಕಟ್ಟುತ್ತೇವೆ, ಮಕ್ಕಳು ಇಲ್ಲಿಯ ಶಾಲೆಗೆ ಹೋಗುತ್ತಾರೆ. ಈ ಕ್ಯಾಂಡಿಡೇಟ್‌ಗಳು ವಲಸೆ ಬಗ್ಗೆ ಮಾತಾಡುವುದನ್ನು ಕೇಳಿದರೆ ಎದೆ ಢವಢವ ಅನ್ನುತ್ತದೆ. ರಾಜ್ಯದ ಶಾಸಕರು ನಮಗೆ ಏನಾದರೂ ಮಾಡಬಹುದಾ?

ಹಾಸನದ_ಹುಡುಗ

ವೀಸಾ, ಗ್ರೀನ್ ಕಾರ್ಡ್ ಪೂರ್ತಿ ಕೇಂದ್ರದ ವಿಷಯ. ಸ್ಟೇಟ್ ಹೌಸ್‌ಗೆ ನಿಂತವರು ಎಚ್-1ಬಿ ಬಗ್ಗೆ ಎಷ್ಟೇ ಜೋರಾಗಿ ಮಾತಾಡಿದರೂ ನಿಮ್ಮ ಕ್ಯೂ ಹಿಂದೆ ಮುಂದೆ ಆಗುವುದಿಲ್ಲ. ಆದರೆ ರಾಜ್ಯ ಕೈ ಹಾಕುವ ಜಾಗಗಳೂ ಇವೆ. 2025ರ ಎಸ್‌ಬಿ 17 ನೋಡಿ. ಚೀನಾ, ಇರಾನ್, ಉತ್ತರ ಕೊರಿಯಾ, ರಷ್ಯಾ ದೇಶಗಳಿಗೆ ಸಂಬಂಧಿಸಿದವರು ಟೆಕ್ಸಸ್‌ನಲ್ಲಿ ಆಸ್ತಿ ಕೊಳ್ಳುವುದಕ್ಕೆ ನಿರ್ಬಂಧ. ಸಿಟಿಜನ್ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಅನ್ವಯಿಸುವುದಿಲ್ಲ. ಕಾನೂನು ಮಾಡಿದಾಗ ಭಾರತ ಆ ಪಟ್ಟಿಯಲ್ಲಿ ಇರಲಿಲ್ಲ, ನೀವು ಹೆದರಬೇಕಾಗಿಲ್ಲ. ಆದರೆ ಬೇರೆ ದೇಶ ಸೇರಿಸುವ ಅಧಿಕಾರವನ್ನು ಗವರ್ನರ್‌ಗೆ ಕೊಟ್ಟಿದ್ದಾರೆ. ನಾನು ಕ್ಯಾಂಡಿಡೇಟ್‌ಗೆ ಕೇಳುವ ಪ್ರಶ್ನೆ ಇದೇ: "ಕಾನೂನುಬದ್ಧವಾಗಿ ಬಂದು, ತೆರಿಗೆ ಕಟ್ಟುವವನ ಆಸ್ತಿ ಹಕ್ಕಿನ ಬಗ್ಗೆ ನಿಮ್ಮ ನಿಲುವೇನು?"

ನಿಮಗೆ ಓಟಿಲ್ಲದಿದ್ದರೂ ಅವರು ನಿಮ್ಮ ಪ್ರತಿನಿಧಿಯೇ. ಫೋನ್ ಮಾಡಬಹುದು, ಪತ್ರ ಬರೆಯಬಹುದು. ಸಮಿತಿಯ ಮುಂದೆ ಆಸ್ಟಿನ್‌ನಲ್ಲಿ ಹೋಗಿ ಮಾತಾಡುವುದಕ್ಕೂ ಸಿಟಿಜನ್ ಆಗಿರಬೇಕು ಅಂತ ಇಲ್ಲ. ದುಡ್ಡು ಮಾತ್ರ ಕೊಡಬೇಡಿ. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇಲ್ಲದವರು ಚುನಾವಣೆಗೆ ದೇಣಿಗೆ ಕೊಡುವುದು ಕಾನೂನುಬಾಹಿರ, ನಿಮ್ಮ ವೀಸಾಗೇ ತೊಂದರೆ.

ಅಕ್ಷರ_ಫ್ರಿಸ್ಕೋ

ಯಾರೂ ಹೇಳದ ಒಂದು ವಿಷಯ: ಕ್ಲಾಸ್‌ರೂಮಿನಲ್ಲಿ ಟೆನ್ ಕಮಾಂಡ್‌ಮೆಂಟ್ಸ್, ಅಂದರೆ ಬೈಬಲ್‌ನ ಹತ್ತು ಆಜ್ಞೆಗಳು. 2025ರ ಎಸ್‌ಬಿ 10 ಪ್ರಕಾರ ಪ್ರತಿ ಪಬ್ಲಿಕ್ ಸ್ಕೂಲಿನ ಪ್ರತಿ ಕೋಣೆಯಲ್ಲೂ ಅದನ್ನು ಹಾಕಬೇಕು. ಕೋರ್ಟಿಗೆ ಹೋದ ಕುಟುಂಬಗಳಲ್ಲಿ ಹಿಂದೂಗಳೂ ಇದ್ದರು. ಆ ಆಗಸ್ಟ್‌ನಲ್ಲಿ ಒಬ್ಬ ಫೆಡರಲ್ ಜಡ್ಜ್ ಪ್ಲೇನೋ ಸೇರಿ 11 ಡಿಸ್ಟ್ರಿಕ್ಟ್‌ಗಳಿಗೆ ತಾತ್ಕಾಲಿಕ ತಡೆ ಕೊಟ್ಟರು, ವ್ಯಾಜ್ಯ ಅಲ್ಲಿಗೇ ಮುಗಿಯಲಿಲ್ಲ.

ನನ್ನ ಗಂಡ "ಇರಲಿ ಬಿಡು, ಒಳ್ಳೆಯ ಮಾತೇ ತಾನೇ" ಅಂತಾರೆ. ನನಗೆ ಹಾಗೆ ಅನಿಸುವುದಿಲ್ಲ. ಅದರಲ್ಲಿ ವಿಗ್ರಹ ಮಾಡಬಾರದು, ಬೇರೆ ದೇವರು ಇರಬಾರದು ಅಂತಿದೆ. ಬೆಳಿಗ್ಗೆ ಗಣೇಶನಿಗೆ ಕೈ ಮುಗಿದು ಹೋದ ಮಗು ಕ್ಲಾಸಿನಲ್ಲಿ ಅದನ್ನು ಓದಿ ಬಂದು ನನ್ನನ್ನು ಕೇಳಿದರೆ ಏನು ಹೇಳಲಿ? ಇದನ್ನು ನಾನು ಯಾವ ಕ್ಯಾಂಡಿಡೇಟ್ ಸಿಕ್ಕರೂ ಮುಖಕ್ಕೆ ಕೇಳುತ್ತೇನೆ.

ಬಳ್ಳಾರಿ_ಟು_ಡಲ್ಲಾಸ್

ಇದರಲ್ಲಿ ನಾನು ನಿಮ್ಮ ಕಡೆ ತಂಗೀ. ಧರ್ಮ ಕಲಿಸುವುದು ಮನೆಯವರ ಕೆಲಸ. ಪೋಷಕರ ಹಕ್ಕು ಅಂದರೆ ಎಲ್ಲ ಪೋಷಕರದ್ದೂ ಆಗಬೇಕು. ನಮ್ಮ ಪಕ್ಷದ ಸಭೆಯಲ್ಲೂ ಇದನ್ನು ಹೇಳಿದ್ದೇನೆ.

ಮೈಸೂರು_ನರ್ಸ್

ಗರ್ಭಪಾತದ ವಿಷಯ ಬರೆಯಲು ಹಿಂಜರಿಯುತ್ತಿದ್ದೆ, ಆದರೆ ಹೆಣ್ಣುಮಕ್ಕಳು ಇದನ್ನು ತಿಳಿದಿರಬೇಕು. 2022ರ ಆಗಸ್ಟ್‌ನಿಂದ ಟೆಕ್ಸಸ್‌ನಲ್ಲಿ ಗರ್ಭಪಾತ ಪೂರ್ತಿ ನಿಷೇಧ. ತಾಯಿಯ ಜೀವಕ್ಕೆ ಅಪಾಯ ಅಥವಾ ದೇಹಕ್ಕೆ ಗಂಭೀರ ಹಾನಿಯ ಸಂದರ್ಭ ಮಾತ್ರ ಹೊರತು. ಅತ್ಯಾಚಾರಕ್ಕೂ ವಿನಾಯಿತಿ ಇಲ್ಲ. ತಪ್ಪಿದ ಡಾಕ್ಟರಿಗೆ ಜೀವಾವಧಿವರೆಗೂ ಶಿಕ್ಷೆ ಆಗಬಹುದು, ದಂಡ ಕನಿಷ್ಠ 1,00,000 ಡಾಲರ್. ಇಷ್ಟು ಭಯ ಇದ್ದಾಗ "ಅಪಾಯ" ಯಾವಾಗ ಶುರುವಾಯಿತು ಅಂತ ಡಾಕ್ಟರುಗಳು ಕಾದು ನೋಡುವ ಪರಿಸ್ಥಿತಿ ಬಂತು. ತಾಯಂದಿರು ಸತ್ತರು. 2025ರಲ್ಲಿ ಎಸ್‌ಬಿ 31 ಬಂದು, ಅಪಾಯ ತಲೆ ಮೇಲೆ ಬರುವವರೆಗೆ ಕಾಯಬೇಕಾಗಿಲ್ಲ ಅಂತ ಸ್ಪಷ್ಟ ಮಾಡಿತು. ಅದಕ್ಕೆ ಎರಡೂ ಪಕ್ಷದವರು ವೋಟು ಹಾಕಿದರು. ಗರ್ಭಪಾತ ವಿರೋಧಿ ಅಂತ ಹೇಳಿಕೊಳ್ಳುವ ಕ್ಯಾಂಡಿಡೇಟ್ ಸಿಕ್ಕರೆ ಅಲ್ಲಿಗೇ ನಿಲ್ಲಿಸಬೇಡಿ. ಎಸ್‌ಬಿ 31 ಬಗ್ಗೆ ಕೇಳಿ. ಉತ್ತರ ಬೇರೆ ಬೇರೆ ಬರುತ್ತದೆ.

ವೈಲಿ_ಅಮ್ಮ

ಟೀಚರ್ ಅಕ್ಕ, ನೀವು ಹೇಳಿದ ಆ ಪ್ರಶ್ನೆಯನ್ನು, ಶಾಲೆ ಮಗುವನ್ನು ಹೊರಗೆ ಹಾಕಿದರೆ ಏನು ಅನ್ನುವುದನ್ನು, ನಾನೇ ಕೇಳುತ್ತೇನೆ. ನಮ್ಮ ಕಡೆ ಲೈಬ್ರರಿಯಲ್ಲಿ ಕ್ಯಾಂಡಿಡೇಟ್‌ಗಳ ಸಭೆ ಇದೆ ಅಂತ ಬೋರ್ಡ್ ನೋಡಿದೆ. ನೀವೂ ಬರುತ್ತೀರಾ? ಪಕ್ಕದಲ್ಲಿ ಕೂತಿದ್ದರೆ ನನಗೂ ಧೈರ್ಯ.

ಟೀಚರ್_ಅಕ್ಕ

ಖಂಡಿತ ಬರುತ್ತೇನೆ. ಶಾಲೆ ಮುಗಿಸಿ ನೇರ ಅಲ್ಲಿಗೇ ಬರುತ್ತೇನೆ, ದಿನ ಮತ್ತು ಸಮಯ ಮೆಸೇಜ್ ಮಾಡಿ. ಮಗನ ಕಾಗದಗಳನ್ನೂ ತನ್ನಿ. ಐಇಪಿಯಲ್ಲಿ ಏನು ಬರೆದಿದ್ದಾರೆ ಅಂತ ನೋಡಿ ಹೇಳುತ್ತೇನೆ.

ತುಂಗಾ_ನೀರು

ನಾನು ಇತ್ತೀಚೆಗಷ್ಟೇ ಸಿಟಿಜನ್ ಆದೆ. ಪ್ರೈಮರಿಗೆ ಪಕ್ಷದ ಸದಸ್ಯೆ ಆಗಿರಬೇಕಾ? ರಿಜಿಸ್ಟ್ರೇಷನ್ ಆನ್‌ಲೈನ್ ಆಗುತ್ತದಾ?

ರಾಕ್‌ವಾಲ್_ಕನ್ನಡಿಗ

ಅಭಿನಂದನೆ! ಟೆಕ್ಸಸ್‌ನಲ್ಲಿ ಪಕ್ಷದ ನೋಂದಣಿ ಇಲ್ಲ. ಬೂತಿನಲ್ಲಿ ಯಾವ ಪಕ್ಷದ ಬ್ಯಾಲಟ್ ಬೇಕು ಅಂತ ಕೇಳುತ್ತಾರೆ, ಒಂದನ್ನು ಆರಿಸಿ. ಮಾರ್ಚ್‌ನಲ್ಲಿ ಒಂದು ಪಕ್ಷದ್ದು ತೆಗೆದುಕೊಂಡರೆ ಮೇ ತಿಂಗಳ ರನ್‌ಆಫ್‌ನಲ್ಲಿ ಇನ್ನೊಂದು ಪಕ್ಷಕ್ಕೆ ಹೋಗುವ ಹಾಗಿಲ್ಲ. ಮಾರ್ಚ್‌ನಲ್ಲಿ ಹಾಕದೇ ಇದ್ದರೆ ಮೇನಲ್ಲಿ ಯಾವುದನ್ನಾದರೂ ತೆಗೆದುಕೊಳ್ಳಬಹುದು. ನವೆಂಬರ್‌ನಲ್ಲಿ ಯಾರಿಗೆ ಬೇಕಾದರೂ ಹಾಕಿ.

ಹೊಸದಾಗಿ ಸೇರುವವರಿಗೆ ಆನ್‌ಲೈನ್ ಇಲ್ಲ. ಡ್ರೈವಿಂಗ್ ಲೈಸೆನ್ಸ್ ಆನ್‌ಲೈನ್‌ನಲ್ಲಿ ನವೀಕರಿಸುವಾಗ ಮಾತ್ರ ಆ ಸೌಲಭ್ಯ. ಅರ್ಜಿ ತುಂಬಿ, ಸಹಿ ಹಾಕಿ, ಕೌಂಟಿ ರಿಜಿಸ್ಟ್ರಾರ್‌ಗೆ ಅಂಚೆಯಲ್ಲಿ ಕಳಿಸಿ ಅಥವಾ ಖುದ್ದಾಗಿ ಕೊಡಿ. ಚುನಾವಣೆಗೆ ಕನಿಷ್ಠ 30 ದಿನ ಮುಂಚೆ ಕೊಟ್ಟಿರಬೇಕು ಅಥವಾ ಅಂಚೆಗೆ ಹಾಕಿರಬೇಕು. ಬೂತಿಗೆ ಡ್ರೈವಿಂಗ್ ಲೈಸೆನ್ಸ್ ಅಥವಾ ಅಮೆರಿಕನ್ ಪಾಸ್‌ಪೋರ್ಟ್ ತಂದರೆ ಸಾಕು. ನಿಮ್ಮದು ಯಾವ ಕೌಂಟಿ ಅಂತ ಹೇಳಿ, ವಿಳಾಸ ಹುಡುಕಿ ಕೊಡುತ್ತೇನೆ.

ತುಂಗಾ_ನೀರು

ಕಾಲಿನ್ ಕೌಂಟಿ. ಯಜಮಾನರದ್ದೂ ಬೇಕು, ಅವರ ಸಿಟಿಜನ್ ಪ್ರಮಾಣವಚನ ಮುಂದಿನ ತಿಂಗಳು.

ರಾಕ್‌ವಾಲ್_ಕನ್ನಡಿಗ

ಅವರ ಅರ್ಜಿ ಪ್ರಮಾಣವಚನ ಮುಗಿದ ಮೇಲೆಯೇ ಕಳಿಸಿ, ಒಂದು ದಿನವೂ ಮುಂಚೆ ಬೇಡ. ಸಿಟಿಜನ್ ಆಗುವ ಮುಂಚೆ ಸಹಿ ಹಾಕಿದರೆ ದೊಡ್ಡ ತೊಂದರೆ. ಕೆಲವು ಕಡೆ ಸಮಾರಂಭ ಮುಗಿದ ಕೂಡಲೇ ಹೊರಗೆ ಸ್ವಯಂಸೇವಕರು ಅರ್ಜಿ ಹಿಡಿದು ನಿಂತಿರುತ್ತಾರೆ, ಅಲ್ಲೇ ತುಂಬಿ ಕೊಡಬಹುದು. ನಿಮ್ಮದನ್ನು ಮಾತ್ರ ಈಗಲೇ ಕಳಿಸಿಬಿಡಿ. ಕಾಲಿನ್ ಕೌಂಟಿಯ ವಿಳಾಸ ಮೆಸೇಜ್ ಮಾಡುತ್ತೇನೆ.